ಜುಟ್ಟಿಗೆ ಮಲ್ಲಿಗೆ

ನಮ್ಮ ಹಿರಿಯರ ಗಾದೆಗಳ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಒಂದು ಗಾದೆಯನ್ನು ಕೇಳಿದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ಅದು. ರಾಗಿಹಿಟ್ಟನ್ನೇ ನಂಬಿ ಬದುಕಿದ ನಮ್ಮ ಮಾಗಡಿ ಸೀಮೆಯಲ್ಲಿ ಈ ಗಾದೆಗಿರುವ ಚಲಾವಣೆ ಬೇರೆ ಯಾವುದಕ್ಕೂ ಇಲ್ಲ. ಮಗಳು ಸಂಗೀತದ ಪಾಠಕ್ಕೆ ಹೋಗುತ್ತೇನೆಂದರೆ ಈ ಗಾದೆ. ಸೊಸೆ ಹಳೇ ಸೀರೆಯ ಸೆರಗು ಕತ್ತರಿಸಿ ಬಾಗಿಲಿಗೆ ತೋರಣ ಹೊಲಿದರೆ ಈ ಗಾದೆ. ಕೂಲಿಯವಳೊಬ್ಬಳು ತನ್ನ ಗುಡಿಸಲ ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ನಾಲ್ಕು ಗೆರೆ ಎಳೆದರೂ ಇದೇ ಗಾದೆ. ಮೊದಲು ಹೊಟ್ಟೆ, ಆಮೇಲೆ ಉಳಿದದ್ದು. ಕಲೆಯೆಂಬುದು ಹೊಟ್ಟೆ ತುಂಬಿದವರ ಕೆಲಸ ಎಂಬುದು ಇದರ ತಾತ್ಪರ್ಯ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿ ಕಾಣುತ್ತದೆ ನೋಡಿ!

ಈ ಗಾದೆ ಸುಳ್ಳು ಎಂದು ನಾನು ಹೇಳುತ್ತೇನೆ. ಹೊಟ್ಟೆ ತುಂಬಿದವರ ಸಾಕ್ಷಿಯನ್ನು ಮುಂದಿಟ್ಟರೆ ನೀವು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದ್ದರಿಂದ ಹೊಟ್ಟೆಗೆ ನಿಜವಾಗಿಯೂ ಹಿಟ್ಟಿಲ್ಲದಿದ್ದವರನ್ನೇ ಸಾಕ್ಷಿಗೆ ಕರೆಯುತ್ತೇನೆ. ಅವರು ಯುದ್ಧದಲ್ಲಿ ಸೆರೆಸಿಕ್ಕವರು. ಮನೆ, ಮಕ್ಕಳು, ಊಟ, ಔಷಧ, ನಾಳೆಯೆಂಬ ಭರವಸೆ ಎಲ್ಲವನ್ನೂ ಕಳೆದುಕೊಂಡವರು. ಈ ಗಾದೆ ನಿಜವಾಗಿದ್ದರೆ ಅಂಥವರು ಮೊಟ್ಟಮೊದಲು ಬಿಟ್ಟುಬಿಡಬೇಕಾಗಿದ್ದದ್ದು ಹಾಡು, ಚಿತ್ರ, ಕಸೂತಿಗಳನ್ನು. ಅವರು ಬಿಡಲಿಲ್ಲ. ಕೊನೆಯವರೆಗೂ ಹಿಡಿದುಕೊಂಡದ್ದು ಅವನ್ನೇ.

ಇದನ್ನು ಈಗ ಬರೆಯಲು ಕಾರಣವಿದೆ. ನಮ್ಮೂರಿನ ಒಂದು ಖಾಸಗಿ ಶಾಲೆಯಲ್ಲಿ ವಾರಕ್ಕೆ ಎರಡು ಪೀರಿಯಡ್ ಇದ್ದ ಚಿತ್ರಕಲೆ ಮತ್ತು ಹೊಲಿಗೆಯನ್ನು ಟೈಂಟೇಬಲ್ಲಿನಿಂದ ತೆಗೆದು ಆ ಜಾಗಕ್ಕೆ ಗಣಿತದ ಕೋಚಿಂಗ್ ಹಾಕಿದರು. ಮೊಮ್ಮಗಳ ಪರವಾಗಿ ಪೋಷಕರ ಸಭೆಗೆ ಹೋಗಿದ್ದ ನಾನು ಎದ್ದುನಿಂತು ಯಾಕೆ ತೆಗೆದಿರಿ ಎಂದು ಕೇಳಿದೆ. ವೇದಿಕೆಯ ಮೇಲಿದ್ದವರು ಉತ್ತರ ಹುಡುಕುವ ಮೊದಲೇ ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ನನ್ನ ಸೀರೆ ಜಗ್ಗಿ, ‘ಕೂತ್ಕೊಳ್ಳಿ ಅಮ್ಮಾ, ಹೂವು ಹೊಲಿದ್ರೆ ಹೊಟ್ಟೆ ತುಂಬ್ತದಾ? ಮಕ್ಳು ಮಾರ್ಕ್ಸ್ ತಗೊಳ್ಲಿ’ ಎಂದರು. ಸಭೆ ನಕ್ಕಿತು. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ಗಾರ್ಮೆಂಟ್ಸ್‌ಗೆ ದುಡಿಯಲು ಹೋಗಿ ಮಗಳನ್ನು ಓದಿಸುತ್ತಿರುವ ಹೆಂಗಸು ಆಕೆ. ಕೋಪವಿರುವುದು ಆಕೆಯ ಬಾಯಿಗೆ ಆ ಮಾತನ್ನು ತುರುಕಿದ ಗಾದೆಯ ಮೇಲೆ. ಆಕೆ ಕೇಳಿದ್ದು ಪ್ರಾಮಾಣಿಕ ಪ್ರಶ್ನೆ. ಅದಕ್ಕೆ ನಗುವಲ್ಲದ ಉತ್ತರವೊಂದನ್ನು ಯಾರಾದರೂ ಕೊಡಬೇಕು.

ಸೆರೆ ಎಂದ ಕೂಡಲೇ ದೂರದ ದೇಶಗಳಿಗೆ ಹೋಗುವುದು ಬೇಡ. ನಮ್ಮೂರಿನಿಂದಲೇ ಶುರುಮಾಡೋಣ. ಮಾಗಡಿ ಎಂದರೆ ಕೆಂಪೇಗೌಡರ ಮನೆತನ ಎಂದು ಎಲ್ಲರಿಗೂ ಗೊತ್ತು. ಕಟ್ಟಿದ ಕೋಟೆ, ತೋಡಿಸಿದ ಕೆರೆ, ಎತ್ತಿಸಿದ ಗುಡಿ ಇವುಗಳ ಲೆಕ್ಕ ಮಕ್ಕಳ ಬಾಯಲ್ಲೂ ಇದೆ. ಆದರೆ ಈ ಮನೆತನದ ಕೊನೆ ಹೇಗಾಯಿತೆಂದು ಕೇಳಿದರೆ ಹೇಳುವವರು ಕಡಿಮೆ. 1728ರಲ್ಲಿ ಮೈಸೂರಿನ ಸೈನ್ಯ ಬಂದು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಕೊನೆಯ ದೊರೆ ಕೆಂಪವೀರಗೌಡರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರು ಸೆರೆಯಲ್ಲೇ ತೀರಿಕೊಂಡರು. ಈ ವಂಶದವರೇ ತೆಲುಗಿನಲ್ಲಿ ‘ಗಂಗಾಗೌರೀವಿಲಾಸ’ ಎಂಬ ಯಕ್ಷಗಾನವನ್ನು ರಚಿಸಿದರೆಂಬ ಪ್ರತೀತಿಯಿದೆ. ಅಂಥ ಮನೆಯಲ್ಲಿ ಹುಟ್ಟಿದವರು ಸೆರೆಮನೆಯ ಹಗಲು ರಾತ್ರಿಗಳನ್ನು ಹೇಗೆ ಕಳೆದರು? ಹಾಡಿಕೊಂಡರೇ, ಪದ ಕಟ್ಟಿದರೇ, ಗೋಡೆಯ ಮೇಲೆ ಗೆರೆ ಎಳೆದರೇ? ನಮ್ಮ ಇತಿಹಾಸದ ಪುಸ್ತಕಗಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಕೋಟೆ ಬಿದ್ದ ದಿನ ಅವುಗಳ ಪಾಲಿಗೆ ಕಥೆ ಮುಗಿಯಿತು. ಸೆರೆಸಿಕ್ಕವನ ಪಾಲಿಗೆ ಕಥೆ ಶುರುವಾಗುವುದೇ ಅಂದು.

ಸೆರೆಹಿಡಿದವರ ಕಡೆಯಾದರೂ ಏನು ಕ್ಷೇಮ? ಆರೇ ವರ್ಷಗಳ ನಂತರ, 1734ರಲ್ಲಿ, ಮೈಸೂರಿನ ದೊರೆ ಚಾಮರಾಜ ಒಡೆಯರನ್ನು ಅವರ ದಳವಾಯಿಗಳೇ ಪಟ್ಟದಿಂದ ಇಳಿಸಿ ನಮ್ಮ ಪಕ್ಕದ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಅಟ್ಟಿದರು. ಅವರೂ ಅಲ್ಲೇ ಸತ್ತರು. ಇವತ್ತು ನಾವು ಕಬ್ಬಾಳಮ್ಮನಿಗೆ ಹರಕೆ ತೀರಿಸಲು ಹೋಗಿ, ಆ ಬೆಟ್ಟವನ್ನು ನೋಡಿ, ಬುತ್ತಿ ಬಿಚ್ಚಿ ಊಟ ಮಾಡಿ ಬರುತ್ತೇವೆ. ಆ ಬೆಟ್ಟದ ಮೇಲೆ ಎಷ್ಟು ಜನ ದಿನ ಎಣಿಸಿದ್ದರೆಂದು ಯೋಚಿಸುವುದಿಲ್ಲ.

ಇನ್ನು ಶ್ರೀರಂಗಪಟ್ಟಣದ ಸೆರೆ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ ಅಲ್ಲಿನ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದು ಮೈಸೂರು ಗೆಝೆಟಿಯರ್ ಬರೆದಿದೆ. ಅವರ ಗಂಡುಮಕ್ಕಳನ್ನು ಸೈನ್ಯದ ಪಡೆಗಳಿಗೆ ಸೇರಿಸಿದರು. ಮಾರನೆಯ ವರ್ಷ, 1780ರ ಸೆಪ್ಟೆಂಬರಿನಲ್ಲಿ, ಕಾಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಸೈನ್ಯ ಮಣ್ಣುಮುಕ್ಕಿತು. ಕರ್ನಲ್ ಬೇಲಿಯ ಜೊತೆ ಸೆರೆಸಿಕ್ಕವರೂ ಅದೇ ಶ್ರೀರಂಗಪಟ್ಟಣಕ್ಕೆ ಬಂದರು. ಬೇಲಿ 1782ರಲ್ಲಿ ಅಲ್ಲೇ ಸತ್ತ. ಉಳಿದವರಲ್ಲಿ ಅನೇಕರು ಹೊರಬಂದದ್ದು 1784ರ ಮಂಗಳೂರು ಒಪ್ಪಂದದ ಮೇಲೆ.

ಆ ಸೆರೆಯಾಳುಗಳಲ್ಲಿ ಕ್ರಾಮ್‌ವೆಲ್ ಮ್ಯಾಸೀ ಎಂಬ ಅಧಿಕಾರಿಯೊಬ್ಬನಿದ್ದ. ಅವನು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಾಗದದ ಚೂರುಗಳ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಕಾವಲಿನವರ ಕಣ್ಣು ತಪ್ಪಿಸಿ ದಿನಚರಿ ಬರೆದ. ಆ ಚೂರುಗಳನ್ನು ಒಟ್ಟಿಗೆ ಹೊಲಿದು ಬಚ್ಚಿಟ್ಟುಕೊಂಡ. ಅದು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ದಿನಚರಿ ಬರೆಯುವುದೂ ಕಲೆಯೇ ಎಂದು ನೀವು ಕೇಳಬಹುದು. ಸರ್ಕಾರಿ ಕಚೇರಿಯ ಗುಮಾಸ್ತ ಬರೆದರೆ ಅಲ್ಲ. ಕಾಲಿಗೆ ಬೇಡಿ, ಪಕ್ಕದಲ್ಲಿ ಸಾಯುತ್ತಿರುವ ಗೆಳೆಯ, ನಾಳೆ ತನ್ನ ಸರದಿಯೋ ಏನೋ ಎಂಬ ಭಯ ಇವುಗಳ ನಡುವೆ ಕೂತು ‘ಇವತ್ತು ಇಂಥ ತಾರೀಖು, ಇವತ್ತು ಹೀಗಾಯಿತು’ ಎಂದು ಅಕ್ಷರಗಳನ್ನು ಪೋಣಿಸುವುದು ಕಲೆಯೇ. ಸೆರೆಮನೆ ಮೊದಲು ಕದಿಯುವುದು ದಿನವನ್ನು. ಎಲ್ಲ ದಿನವೂ ಒಂದೇ ಆದಾಗ ಮನುಷ್ಯ ಹುಚ್ಚನಾಗುತ್ತಾನೆ. ಆ ಚೂರುಕಾಗದದ ಮೇಲೆ ಅವನು ತನ್ನ ದಿನಗಳನ್ನು ಒಂದೊಂದಾಗಿ ವಾಪಸ್ ಪಡೆದ.

ಈಗ ಇನ್ನೊಂದು ಕಡೆಯನ್ನೂ ನೋಡಿ. ಇಂಗ್ಲಿಷ್ ಅಧಿಕಾರಿಯೊಬ್ಬನ ಚೂರುಕಾಗದ ಇನ್ನೂರು ನಲವತ್ತು ವರ್ಷ ಬಾಳಿದೆ. ಅದೇ ದ್ವೀಪಕ್ಕೆ ಬಂದ ಚಿತ್ರದುರ್ಗದ ಆ ಇಪ್ಪತ್ತು ಸಾವಿರ ಜನರಲ್ಲಿದ್ದ ಸಾಮಾನ್ಯ ಹೆಂಗಸೊಬ್ಬಳ ಹೆಸರನ್ನಾದರೂ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವರು ಬೀಸುವಾಗ ಹಾಡಿರಲೇಬೇಕು. ಬಾಣಂತಿಗೆ ಹಾಡಿರಬೇಕು, ಸತ್ತವರಿಗೆ ಹಾಡಿರಬೇಕು. ಹಾಡದೆ ಬದುಕುವ ಜನವಲ್ಲ ಅದು. ಯಾರೂ ಬರೆದಿಡಲಿಲ್ಲ. ಹೆಂಗಸರ ಕಲೆಯನ್ನು ಹೊತ್ತುಗಳೆಯುವ ಕೆಲಸವೆಂದು ಬಗೆದ ನಾಡು ತೆತ್ತ ಬೆಲೆ ಇದು.

ಹೈದರನ ಹೆಸರು ಬಂದ ಕೂಡಲೇ ಹುಬ್ಬೇರಿಸುವವರು ಎರಡೂ ಕಡೆ ಇದ್ದಾರೆ. ಅವನೂ ಅವನ ಮಗ ಟಿಪ್ಪುವೂ ಒಳ್ಳೆಯವರೋ ಕೆಟ್ಟವರೋ ಎಂಬ ಜಗಳಕ್ಕೆ ನಾನು ಬರುವವಳಲ್ಲ. ಸೆರೆಮನೆಗೆ ಜಾತಿ ಮತ ಇಲ್ಲ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ನಮ್ಮ ಸಾವನದುರ್ಗವನ್ನು ಹತ್ತಿ ಹಿಡಿಯಿತು. ಮುಂದಿನ ವರ್ಷ ಅದೇ ಇಂಗ್ಲಿಷರು ಟಿಪ್ಪುವಿನ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದರು. ಆ ಸೈನ್ಯದ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಗಾರನಿದ್ದ. ಸಾವನದುರ್ಗದ ಬಂಡೆಯನ್ನು ಬಿಡಿಸಿದವನು ಅವನೇ, ಕಾರ್ನ್‌ವಾಲಿಸ್ ಆ ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುವ ದೊಡ್ಡ ಚಿತ್ರ ಬರೆದವನೂ ಅವನೇ. ಗೆದ್ದವನು ಬರೆಸಿದ ಚಿತ್ರದಲ್ಲಿ ಸೆರೆಯೂ ಹಬ್ಬದಂತೆ ಕಾಣುತ್ತದೆ. ಒಳಗಿನವರು ಬರೆದದ್ದೇ ಬೇರೆ. ಅದು ಸಣ್ಣದು, ಹರಕಲು, ಕದ್ದು ಮಾಡಿದ್ದು. ನನ್ನ ಸಾಕ್ಷಿ ಆ ಎರಡನೆಯದು.

ಇಂಗ್ಲಿಷರು ಇಡೀ ಲೋಕದ ಸೆರೆಯಾಳುಗಳನ್ನು ತಂದು ನಮ್ಮ ನೆಲದಲ್ಲೇ ಇಟ್ಟರು. ದಕ್ಷಿಣ ಆಫ್ರಿಕದಲ್ಲಿ 1899ರಿಂದ 1902ರವರೆಗೆ ನಡೆದ ಯುದ್ಧದಲ್ಲಿ ಸೆರೆಸಿಕ್ಕ ಬೋಯರ್ ರೈತರನ್ನು ಸಿಲೋನ್, ಬರ್ಮುಡಾ, ಸೇಂಟ್ ಹೆಲೆನಾಗಳಿಗೆ ಸಾಗಿಸಿದಂತೆ ಇಂಡಿಯಾಕ್ಕೂ ಸಾಗಿಸಿದರು. ನಮ್ಮ ಬಳ್ಳಾರಿಯಲ್ಲೂ ಅವರ ಶಿಬಿರವೊಂದಿತ್ತು. ನೇಗಿಲು ಹಿಡಿದ ಆ ಕೈಗಳು ಈ ಶಿಬಿರಗಳಲ್ಲಿ ಸಿಕ್ಕಿದ ಮರ, ಮೂಳೆ, ಕೊಂಬುಗಳನ್ನೇ ಕೆತ್ತಿ ಪೆಟ್ಟಿಗೆ, ಊರುಗೋಲು, ಆಟಿಕೆ ಮಾಡಿದವು. ಅವು ಇಂದು ಮ್ಯೂಸಿಯಂಗಳಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಸಾವಿರಾರು ಸೈನಿಕರು ಬೆಂಗಳೂರಿನ ಜಾಲಹಳ್ಳಿಯ ಕಡೆ ಸೆರೆಯಲ್ಲಿದ್ದರು. ನಮ್ಮ ಮಾಗಡಿಯಿಂದ ಅದು ಅರ್ಧ ದಿನದಲ್ಲಿ ಹೋಗಿಬರಬಹುದಾದ ದೂರ.

ಇವರೆಲ್ಲ ಗಂಡಸರಾಯಿತು. ಹೆಂಗಸರು? ಯುದ್ಧ ಗಂಡಸರದು, ಸೆರೆ ಮಾತ್ರ ಇಬ್ಬರದೂ. ಅದೇ ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು, ಸಿಂಗಪುರ ಜಪಾನೀಯರ ಕೈಸೇರಿತು. ಅಲ್ಲಿದ್ದ ಇಂಗ್ಲಿಷ್, ಆಸ್ಟ್ರೇಲಿಯನ್ ಮುಂತಾದ ಹೆಂಗಸರನ್ನೂ ಮಕ್ಕಳನ್ನೂ ಚಾಂಗಿ ಎಂಬ ಜೈಲಿಗೆ ತುಂಬಿದರು. ಗಂಡಂದಿರು ಬೇರೆ ಕಡೆ ಸೆರೆಯಲ್ಲಿ. ಬದುಕಿದ್ದಾರೋ ಸತ್ತಿದ್ದಾರೋ ಗೊತ್ತಿಲ್ಲ, ಕಾಗದ ಬರೆಯುವಂತಿಲ್ಲ. ಆಗ ಕೆನಡಾದ ಎಥೆಲ್ ಮುಲ್ವೇನಿ ಎಂಬಾಕೆಗೆ ಒಂದು ಉಪಾಯ ಹೊಳೆಯಿತು. ಪ್ರತಿಯೊಬ್ಬಳಿಗೂ ಅಂಗೈಯಗಲದ ಒಂದು ಬಿಳಿ ಬಟ್ಟೆಯ ಚೌಕ. ಅದರ ಮೇಲೆ ನಿನ್ನದೇ ಆದ ಏನಾದರೊಂದನ್ನು ಕಸೂತಿ ಹಾಕು, ಹೆಸರು ಹೊಲಿ. ಹೂ, ಮನೆ, ಹಡಗು, ಜೈಲಿನ ಗೋಡೆ, ಯಾರಿಗೆ ಏನು ತೋಚಿತೋ ಅದು. ಇಂಥ 66 ಚೌಕಗಳನ್ನು ಜೋಡಿಸಿದರೆ ಒಂದು ಕೌದಿ. ಹೀಗೆ ಮೂರು ಕೌದಿ ಮಾಡಿದರು. ಒಂದು ಗಾಯಗೊಂಡ ಬ್ರಿಟಿಷ್ ಸೈನಿಕರಿಗೆ, ಒಂದು ಆಸ್ಟ್ರೇಲಿಯನ್ನರಿಗೆ, ಮೂರನೆಯದು ಗಾಯಗೊಂಡ ಜಪಾನೀ ಸೈನಿಕರಿಗೆ!

ಈ ಮೂರನೆಯ ಕೌದಿಯಲ್ಲಿ ಹೆಂಗಸರ ಜಾಣತನ ನೋಡಿ. ಶತ್ರುವಿಗೂ ಒಂದು ಕೊಟ್ಟರೆ ಉಳಿದೆರಡು ತಡೆಯಿಲ್ಲದೆ ಹೊರಗೆ ಹೋಗುತ್ತವೆ. ಕೌದಿ ಆಸ್ಪತ್ರೆ ಸೇರುತ್ತದೆ, ಅಲ್ಲಿದ್ದವರು ಹೆಸರುಗಳನ್ನು ಓದುತ್ತಾರೆ, ಸುದ್ದಿ ಗಂಡಸರ ಶಿಬಿರಕ್ಕೆ ಮುಟ್ಟುತ್ತದೆ: ನಿನ್ನ ಹೆಂಡತಿ ಬದುಕಿದ್ದಾಳೆ, ಅವಳ ಕೈ ಇನ್ನೂ ನಡುಗುತ್ತಿಲ್ಲ, ನೋಡು ಹೊಲಿಗೆ ಎಷ್ಟು ನೇರವಾಗಿದೆ! ಮನೆಯಲ್ಲಿ ಕುಳಿತು ಹೊಲಿಯುವುದನ್ನು ಕೆಲಸವಿಲ್ಲದವರ ಕೆಲಸ ಎನ್ನುವವರು ಇದಕ್ಕೆ ಏನೆನ್ನುತ್ತಾರೆ? ಸೆನ್ಸಾರಿನವನಿಗೆ ಕಾಗದ ತಡೆಯುವುದು ಗೊತ್ತಿತ್ತು, ಕೌದಿಯನ್ನು ಓದುವುದು ಗೊತ್ತಿರಲಿಲ್ಲ. ಆ ಕೌದಿಗಳಲ್ಲಿ ಎರಡು ಇಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಇನ್ನೊಂದು ಬ್ರಿಟಿಷ್ ರೆಡ್‌ಕ್ರಾಸ್ ಸಂಸ್ಥೆಯಲ್ಲಿದೆ.

ಹೊಟ್ಟೆಗೆ ಹಿಟ್ಟಿಲ್ಲ ಎಂಬ ಮಾತಿಗೆ ಇನ್ನೂ ನೇರವಾದ ಉತ್ತರ ಬೇಕೇ? ಅದೇ ಚಾಂಗಿಯ ಹೆಂಗಸರು ಹಸಿವು ಹೆಚ್ಚಾದಾಗ ಸುತ್ತ ಕೂತು ಅಡುಗೆಯ ಮಾತಾಡುತ್ತಿದ್ದರು. ಒಬ್ಬಳು ತನ್ನ ತವರಿನ ಕೇಕು ಮಾಡುವುದನ್ನು ಹೇಳಿದರೆ ಇನ್ನೊಬ್ಬಳು ತನ್ನ ಮನೆಯ ಉಪ್ಪಿನಕಾಯಿಯನ್ನು ಹೇಳುವಳು. ಮುಲ್ವೇನಿ ಅವನ್ನೆಲ್ಲ ಬರೆದಿಟ್ಟುಕೊಂಡಳು. 1946ರಲ್ಲಿ ಅದು ಅಡುಗೆಯ ಪುಸ್ತಕವಾಗಿ ಅಚ್ಚಾಯಿತು, ಮಾರಿಬಂದ ಹಣ ಬಿಡುಗಡೆಯಾದ ಸೆರೆಯಾಳುಗಳ ಆರೈಕೆಗೆ ಹೋಯಿತು. ಭೂಮಿಯ ಇನ್ನೊಂದು ಮೂಲೆಯಲ್ಲಿ, ಪ್ರಾಗ್ ನಗರದ ಹತ್ತಿರದ ತೆರೆಜಿನ್ ಎಂಬ ನಾಜಿ ಶಿಬಿರದಲ್ಲಿ, ಯಹೂದಿ ಹೆಂಗಸರೂ ಅದನ್ನೇ ಮಾಡಿದರು. ಮೀನಾ ಪೆಖ್ಟರ್ ಎಂಬ ಮುದುಕಿ ಆ ಅಡುಗೆಗಳ ಹಸ್ತಪ್ರತಿಯನ್ನು ತನ್ನ ಮಗಳಿಗೆ ಮುಟ್ಟಿಸಿ ಎಂದು ಒಬ್ಬರ ಕೈಗಿತ್ತು 1944ರಲ್ಲಿ ಹಸಿವಿನಿಂದಲೇ ಸತ್ತಳು. ಅದು ಯಾರ್ಯಾರದೋ ಕೈದಾಟಿ ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿದ್ದ ಮಗಳನ್ನು ಸೇರಿತು. 1996ರಲ್ಲಿ ಪುಸ್ತಕವೂ ಆಯಿತು. ಒಂದು ತುಣುಕು ರೊಟ್ಟಿಗೆ ಕಾಯುವವರು ಇಷ್ಟು ಮೊಟ್ಟೆ, ಇಷ್ಟು ಬೆಣ್ಣೆ ಎಂದು ಬರೆದಿಡುತ್ತಾರೆ! ಹೊಟ್ಟೆಗೆ ಇಲ್ಲದಿದ್ದಾಗ ಮಲ್ಲಿಗೆ ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನಾನೆಲ್ಲಿಂದ ತರಲಿ? ತಾನು ಒಂದು ಮನೆ ನಡೆಸಿದವಳು, ಹತ್ತು ಜನಕ್ಕೆ ಉಣಬಡಿಸಿದವಳು ಎಂಬುದನ್ನು ಮರೆತ ದಿನ ಹೆಂಗಸು ಬರಿಯ ಹಸಿದ ಹೊಟ್ಟೆಯಾಗಿಬಿಡುತ್ತಾಳೆ. ಸೆರೆಹಿಡಿದವನಿಗೆ ಬೇಕಾಗಿರುವುದೂ ಅದೇ.

ಸಿಂಗಪುರದಿಂದ ತಪ್ಪಿಸಿಕೊಂಡು ಹೊರಟ ಹಡಗುಗಳು ಮುಳುಗಿದಾಗ ದಡ ಸೇರಿದ ಹೆಂಗಸರು ಸುಮಾತ್ರಾ ದ್ವೀಪದಲ್ಲಿ ಸೆರೆಯಾದರು. ಡಚ್ಚರು, ಇಂಗ್ಲಿಷರು, ಆಸ್ಟ್ರೇಲಿಯಾದ ನರ್ಸುಗಳು, ಎಲ್ಲರೂ ಒಂದೇ ಶಿಬಿರದಲ್ಲಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ವಾದ್ಯಗಳಿಲ್ಲ. ಮಿಷನರಿಯಾಗಿದ್ದ ಮಾರ್ಗರೆಟ್ ಡ್ರೈಬರ್ಗ್ ಪಿಯಾನೋ ಸಂಗೀತವನ್ನು ನೆನಪಿನಿಂದಲೇ ಬರೆದಳು. ಸಂಗೀತ ಶಾಲೆಯಲ್ಲಿ ಪಿಟೀಲು ಕಲಿತಿದ್ದ ನೋರಾ ಚೇಂಬರ್ಸ್ ಅದನ್ನು ಹೆಂಗಸರ ನಾಲ್ಕು ಧ್ವನಿಗಳಿಗೆ ಹೊಂದಿಸಿದಳು. ಮಾತಿಲ್ಲ, ಬರೀ ಸ್ವರ. ವಾದ್ಯದ ಬದಲು ಗಂಟಲು. 1943ರ ಡಿಸೆಂಬರ್ 27ರಂದು ಪಾಲೆಂಬಾಂಗಿನ ಶಿಬಿರದಲ್ಲಿ ಸುಮಾರು ಮೂವತ್ತು ಹೆಂಗಸರು ಹರಕು ಬಟ್ಟೆಯಲ್ಲಿ ನಿಂತು ಮೊದಲ ಕಚೇರಿ ನಡೆಸಿದರು. ನಿಲ್ಲಿಸಲು ಬಂದ ಕಾವಲುಗಾರ ನಿಂತು ಕೇಳಿದನಂತೆ. ನಿಶ್ಶಕ್ತಿಯಿಂದ ನಿಲ್ಲಲಾಗದವರು ಕೂತು ಹಾಡಿದರು. ಹಾಡುವವರಲ್ಲಿ ಒಬ್ಬೊಬ್ಬರೇ ಸಾಯುತ್ತಾ ಬಂದಂತೆ ಒಂದು ದಿನ ಆ ಸಂಗೀತವೂ ನಿಂತಿತು. ಡ್ರೈಬರ್ಗ್ 1945ರ ಏಪ್ರಿಲ್‌ನಲ್ಲಿ ಶಿಬಿರದಲ್ಲೇ ತೀರಿಕೊಂಡಳು. ಇನ್ನು ನಾಲ್ಕು ತಿಂಗಳಿಗೆ ಯುದ್ಧ ಮುಗಿಯಿತು.

ಇಲ್ಲಿ ನಿಮ್ಮಲ್ಲಿ ಒಬ್ಬರಾದರೂ, ‘ನೋಡಿದಿರಾ, ಹಾಡಿದವಳೂ ಸತ್ತಳಲ್ಲ, ಕಲೆ ಉಳಿಸಿತೇನು?’ ಎನ್ನಬಹುದು. ನ್ಯಾಯವಾದ ಮಾತು. ಸಭೆಗಳಲ್ಲಿ ಶಾಲು ಹೊದ್ದು ‘ಕಲೆ ಸಾವನ್ನು ಗೆಲ್ಲುತ್ತದೆ’, ‘ನೋವಿನಿಂದಲೇ ಮಹಾಕಲೆ ಹುಟ್ಟುತ್ತದೆ’ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೂ ಆಗುವುದಿಲ್ಲ. ಕಲೆ ಮಲೇರಿಯಾ ವಾಸಿಮಾಡುವುದಿಲ್ಲ, ಗುಂಡು ತಡೆಯುವುದಿಲ್ಲ. ತೆರೆಜಿನ್ ಶಿಬಿರದಲ್ಲೇ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಚಿತ್ರಕಲಾವಿದೆ ಮಕ್ಕಳಿಗೆ ಕದ್ದುಮುಚ್ಚಿ ಪಾಠ ಹೇಳಿಕೊಟ್ಟಳು. ಸಿಕ್ಕಿದ ಕಾಗದದ ಮೇಲೆ ಮಕ್ಕಳು ಹೂತೋಟ, ಮನೆ, ಚಿಟ್ಟೆ ಬಿಡಿಸಿದರು. ಬಿಡಿಸಿದ ಮೇಲೆ ಹೆಸರು ಬರೆಯಲೇಬೇಕೆಂದು ಆಕೆಯ ಕಟ್ಟಪ್ಪಣೆ. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಆ ಮಕ್ಕಳಲ್ಲಿ ಬಹುಪಾಲು ಬದುಕಲಿಲ್ಲ. ಉಳಿದದ್ದು ಎರಡು ಸೂಟ್‌ಕೇಸ್ ತುಂಬ ಸುಮಾರು 4,500 ಚಿತ್ರಗಳು. ಪ್ರಾಗ್ ನಗರದ ಯಹೂದಿ ಮ್ಯೂಸಿಯಂ ಅವನ್ನು ಕಾಪಾಡಿದೆ. ಇದನ್ನು ಗೆಲುವು ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಒಂದು ಚಿತ್ರವನ್ನು ಕೊಟ್ಟು ಒಂದು ಮಗುವನ್ನು ವಾಪಸ್ ಪಡೆಯುವಂತಿದ್ದರೆ ಅಷ್ಟನ್ನೂ ಒಲೆಗೆ ಹಾಕಬಹುದಾಗಿತ್ತು. ಆದರೆ ತೋಳಿನ ಮೇಲೆ ನಂಬರು ಹಚ್ಚೆ ಹಾಕುವ ಆಡಳಿತಕ್ಕೆ ಎದುರಾಗಿ ಪ್ರತಿ ಮಗುವಿಗೂ ‘ನಿನ್ನ ಹೆಸರು ಬರಿ’ ಎಂದಳಲ್ಲ, ಆ ಮಕ್ಕಳು ಸಾಯುವ ತನಕ ಹೆಸರುಳ್ಳ ಮಕ್ಕಳಾಗಿಯೇ ಬದುಕಿದರು. ಬದುಕಿ ಉಳಿಯುವುದು ಎಂದರೆ ಉಸಿರು ಉಳಿಯುವುದು ಮಾತ್ರ ಎಂದುಕೊಂಡವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಸೆರೆಯಲ್ಲಿ ನಡೆದ ಕಲೆಯೆಲ್ಲ ಸ್ವಂತ ಇಷ್ಟದ್ದಲ್ಲ. ಶ್ರೀರಂಗಪಟ್ಟಣದಲ್ಲಿ ಸೆರೆಸಿಕ್ಕ ಎಳೆಯ ಇಂಗ್ಲಿಷ್ ಹುಡುಗರಿಗೆ ಹೆಣ್ಣುಡುಗೆ ಉಡಿಸಿ ಕುಣಿಯಲು ಕಲಿಸಿದರೆಂದು ಆ ಕಾಲದ ಸೆರೆಯಾಳುಗಳ ಬರಹಗಳು ಹೇಳುತ್ತವೆ. ಆಶ್ವಿಟ್ಸ್‌ನಲ್ಲಿ ಹೆಂಗಸರ ವಾದ್ಯವೃಂದವೊಂದಿತ್ತು. ಆಲ್ಮಾ ರೋಸೆ ಎಂಬ ಪಿಟೀಲು ವಿದುಷಿ 1943ರಿಂದ ಅದನ್ನು ನಡೆಸಿದಳು. ಕೂಲಿಗೆ ಹೊರಡುವ ಸೆರೆಯಾಳುಗಳ ಹೆಜ್ಜೆಗೆ ಅವರು ಬಾರಿಸಬೇಕಾಗಿತ್ತು. ವಾದ್ಯ ಬಾರಿಸಬಲ್ಲವರೆಂಬ ಒಂದೇ ಕಾರಣಕ್ಕೆ ಅವರಲ್ಲಿ ಅನೇಕರ ಜೀವ ಉಳಿಯಿತು. ಆಲ್ಮಾ ಮಾತ್ರ 1944ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತಳು. ಒತ್ತಾಯದ ಹಾಡು ಗಾಯದ ಮೇಲಿನ ಬರೆ. ಅದನ್ನೂ ಕಲೆಯ ಮಹಿಮೆಯ ಲೆಕ್ಕಕ್ಕೆ ಸೇರಿಸುವವರು ಸೆರೆಹಿಡಿದವನ ಪರ ವಕಾಲತ್ತು ವಹಿಸಿದಂತೆ.

‘ಹೆಣ್ಣಿಗೆ ಮನೆಯೇ ಸೆರೆಮನೆ’ ಎಂಬ ಜನಪ್ರಿಯ ಮಾತನ್ನು ಇಲ್ಲಿ ನಿರೀಕ್ಷಿಸಿದ್ದವರಿಗೆ ನಿರಾಸೆಯಾಗಬಹುದು. ನಾನು ಹಾಗೆ ಹೇಳುವುದಿಲ್ಲ. ಮಾಗಡಿಯ ಪೇಟೆಬೀದಿಯಲ್ಲಿ ತರಕಾರಿ ತಂದು, ಸಂಜೆ ಸೋಮೇಶ್ವರನ ಗುಡಿಗೆ ಹೋಗಿಬರುವ ನನ್ನ ಬೇಸರವನ್ನು ಚಾಂಗಿಯ ಹೆಂಗಸರ ಪಾಡಿನ ಪಕ್ಕ ಇಟ್ಟರೆ ಅವರಿಗೆ ಅವಮಾನ. ಅವರಿಂದ ನಾವು ಕಲಿಯಬೇಕಾದ್ದು ಬೇರೆಯೇ ಇದೆ, ಸಭೆಯಲ್ಲಿ ನನ್ನ ಸೀರೆ ಜಗ್ಗಿದ ಆ ತಾಯಿಗೆ ನಾನು ಕೊಡಬೇಕಾದ ಉತ್ತರವೂ ಅದೇ. ಚಾಂಗಿಯ ಹೆಂಗಸರು ಕಸೂತಿಯನ್ನು ಜೈಲಿನಲ್ಲಿ ಕಲಿಯಲಿಲ್ಲ. ಹುಡುಗಿಯರಾಗಿದ್ದಾಗ, ಮಳೆಗಾಲದ ಮಧ್ಯಾಹ್ನಗಳಲ್ಲಿ, ಅಮ್ಮನ ಅಥವಾ ಟೀಚರಿನ ಪಕ್ಕದಲ್ಲಿ ಕೂತು, ಯಾವ ಪ್ರಯೋಜನವನ್ನೂ ಎಣಿಸದೆ ಕಲಿತಿದ್ದರು. ನೋರಾ ಚೇಂಬರ್ಸ್ ಪಿಟೀಲು ಕಲಿತದ್ದು ಸುಮಾತ್ರಾದ ಶಿಬಿರಕ್ಕೆಂದಲ್ಲ. ಹೊಟ್ಟೆ ತುಂಬಿದ ಕಾಲದಲ್ಲಿ ಕಲಿತದ್ದು ಹೊಟ್ಟೆ ಬರಿದಾದ ಕಾಲದಲ್ಲಿ ಒದಗಿತು. ಮಲ್ಲಿಗೆಯ ಬಳ್ಳಿಯನ್ನು ಬರಗಾಲದಲ್ಲಿ ನೆಡುವುದಕ್ಕಾಗುವುದಿಲ್ಲ ತಾಯಿ. ಮಳೆ ಬಂದ ವರ್ಷವೇ ನೆಟ್ಟು ಬೇರೂರಿಸಿರಬೇಕು. ನಿಮ್ಮ ಮಗಳ ಟೈಂಟೇಬಲ್ಲಿನಿಂದ ಕಿತ್ತುಹಾಕಿದ ಆ ಎರಡು ಪೀರಿಯಡ್ಡು ಅವಳ ಬರಗಾಲದ ಬುತ್ತಿಯಾಗಿತ್ತು. ಎಂಥ ಬರ ಅವಳಿಗೆ ಕಾದಿದೆಯೋ, ಯುದ್ಧವೋ, ಕಾಯಿಲೆಯೋ, ವೈಧವ್ಯವೋ, ದೂರದೇಶದ ಒಂಟಿತನವೋ ನಮಗೆ ಗೊತ್ತಿಲ್ಲ. ಯಾವ ಸೆರೆಯೂ ಮುಂಚಿತವಾಗಿ ನೋಟೀಸು ಕೊಟ್ಟು ಬರುವುದಿಲ್ಲ. ಗಣಿತ ಬೇಡ ಎಂದು ನಾನು ಹೇಳಿಲ್ಲ. ಗಣಿತ ಅವಳಿಗೆ ಕೆಲಸ ಕೊಡಲಿ. ಕೆಲಸ, ಸಂಬಳ, ಮನೆ ಎಲ್ಲವೂ ಕೈಬಿಟ್ಟ ದಿನ ಕೈಯಲ್ಲಿ ಏನಿರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಶಾಲೆಯವರಿಗಿಂತ ಹೆಚ್ಚು ನನ್ನ ಜಗಳವಿರುವುದು ನಮ್ಮ ಹೆಂಗಸರ ಮೇಲೇ. ಯಾರಾದರೂ ನಮ್ಮ ಕೈಕೆಲಸವನ್ನು ಹೊಗಳಿದರೆ ‘ಅಯ್ಯೋ, ಏನೋ ಹೊತ್ತು ಹೋಗಕ್ಕೆ ಮಾಡಿದ್ದು ಕಣ್ರೀ’ ಎನ್ನುತ್ತೇವೆ. ಈ ವಿನಯದ ಮಾತೇ ಆ ಗಾದೆಗೆ ನೀರೆರೆದು ಬೆಳೆಸಿದೆ. ನನ್ನ ಅತ್ತೆ ಮದುವೆ ಮನೆಯ ಗೋಡೆಗೆ ಹಸೆ ಬರೆದರೆ ಸುತ್ತಲ ಹಳ್ಳಿಯವರು ನೋಡಲು ಬರುತ್ತಿದ್ದರು. ಗೋಡೆಗೆ ಪೇಂಟು ಬಂತು, ಹಸೆ ಹೋಯಿತು. ಅದನ್ನು ಬರೆದವರು ಯಾರೆಂದು ಹೇಳುವ ಒಂದಕ್ಷರವೂ ಎಲ್ಲೂ ಇಲ್ಲ. ಅವರು ಹಾಡುತ್ತಿದ್ದ ಸೋಬಾನೆ ಪದಗಳಲ್ಲಿ ಮುಕ್ಕಾಲು ಅವರ ಜೊತೆಗೇ ಮಣ್ಣಾದವು. ಪಕ್ಕದ ಚನ್ನಪಟ್ಟಣದ ಗೊಂಬೆಗಳು ಲೋಕವೆಲ್ಲ ಸುತ್ತುತ್ತವೆ. ತಿರುಗಣಿಗೆ ಮರ ಕೊಟ್ಟು ಬಣ್ಣ ಹಚ್ಚಿದ ಹೆಂಗಸಿನ ಹೆಸರು ಗೊಂಬೆಯ ಬುಡದಲ್ಲೂ ಇರುವುದಿಲ್ಲ. ಮಹಿಳಾ ಸಮಾಜಗಳಲ್ಲಿ ವರ್ಷಕ್ಕೊಮ್ಮೆ ರಂಗೋಲಿ ಸ್ಪರ್ಧೆ, ಗಣ್ಯರಿಂದ ತೀರ್ಪು, ಗೆದ್ದವಳಿಗೊಂದು ಸ್ಟೀಲ್ ಡಬ್ಬಿ. ಸಂಜೆಗೆ ಪೊರಕೆ. ಡಬ್ಬಿ ಉಳಿಯುತ್ತದೆ, ರಂಗೋಲಿ ಹೋಗುತ್ತದೆ. ಎಂಥ ಲೆಕ್ಕ!

ಚಿತ್ರದುರ್ಗದ ಆ ಇಪ್ಪತ್ತು ಸಾವಿರದಲ್ಲಿದ್ದ ಹೆಂಗಸರಿಗೆ ಆದದ್ದು ನಮಗೂ ಆಗಬಾರದು ಎಂದಿದ್ದರೆ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮನೆಯಲ್ಲಿ ಇನ್ನೂ ಹಾಡಬಲ್ಲ ಅಜ್ಜಿಯಿದ್ದರೆ ಮೊಬೈಲನ್ನು ಅವರ ಮುಂದಿಟ್ಟು, ಮೊದಲು ಅವರ ಹೆಸರನ್ನೂ ಊರನ್ನೂ ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಪದ ಹಾಡಿಸಿ. ಅವರ ಅಡುಗೆಗಳನ್ನು ಬರೆದಿಡಿ, ಅಳತೆಯ ಸಮೇತ. ಶಾಲೆಯವರು ಹೊಲಿಗೆಯ ಪೀರಿಯಡ್ ಕಿತ್ತುಹಾಕಿದರೆ ಸಭೆಯಲ್ಲಿ ಎದ್ದು ನಿಲ್ಲಿ. ಪಕ್ಕದವರು ಸೀರೆ ಜಗ್ಗಿದರೂ ಕೂರಬೇಡಿ. ಹಾಗೆಯೇ ನೀವು ಕೌದಿ ಹೊಲಿಯಿರಿ, ತೋರಣ ಕಟ್ಟಿರಿ, ಹಸೆ ಬರೆಯಿರಿ, ಏನೇ ಮಾಡಿರಿ, ಕೆಳಗೆ ಒಂದು ಮೂಲೆಯಲ್ಲಿ ನಿಮ್ಮ ಹೆಸರು, ಊರು, ಇಸವಿ ಹಾಕಿ. ಯಾರಾದರೂ ಯಾಕೆ ಎಂದು ಕೇಳಿದರೆ, ಇದು ನಾನು ಮಾಡಿದ್ದು, ಅದಕ್ಕೆ ಎಂದಷ್ಟೇ ಹೇಳಿ.